ಗಿರಣಿಯೂ ಉಗ್ರಾಣವೂ: ಚಾರ್ಲ್ಸ್ ಬ್ಯಾಬೇಜ್



ಪಕ್ಕದ ಪಟ್ಟಣದ ಕಂಪ್ಯೂಟರ್ ಅಂಗಡಿಯ ಮುಂದೆ ಒಂದು ಸಂಜೆ ಸುಮ್ಮನೆ ನಿಂತು ನೋಡಿ. ಕಂಪ್ಯೂಟರಿನಲ್ಲಿ ಆಟವಾಡುವ ಹುಚ್ಚಿರುವ ಅಣ್ಣಂದಿರು ಅಂಗಡಿಯವರೊಡನೆ ಚರ್ಚೆಗೆ ಇಳಿದಿರುತ್ತಾರೆ. ಹಳೆಯ ಪ್ರೊಸೆಸರ್ ತೆಗೆದು ಹೊಸದನ್ನು ಹಾಕಿಸಬೇಕೇ? ರ‍್ಯಾಮ್ ಹೆಚ್ಚಿಸಿದರೆ ಸಾಕೇ? ಹೊಸ ಪ್ರೊಸೆಸರ್ ಹಳೆಯ ಮದರ್‌ಬೋರ್ಡಿನಲ್ಲಿ ಕೂರುತ್ತದೆಯೇ? ಇಷ್ಟೆಲ್ಲ ರಿಪೇರಿಗಿಂತ ಪೂರ್ತಿ ಹೊಸ ಕಂಪ್ಯೂಟರನ್ನೇ ಕೊಳ್ಳುವುದು ಒಳ್ಳೆಯದೇ? ಆಸೆ ದೊಡ್ಡದು, ಜೇಬಿನಲ್ಲಿರುವ ಹಣ ಚಿಕ್ಕದು.

ಇದೇ ತಲೆನೋವನ್ನು ಸುಮಾರು 190 ವರ್ಷಗಳ ಹಿಂದೆಯೇ ಇಂಗ್ಲೆಂಡಿನಲ್ಲಿ ಒಬ್ಬರು ಅನುಭವಿಸಿದ್ದರು. ಆಗ ಯಾವ ಮನೆಗೂ ವಿದ್ಯುತ್ ಬಂದಿರಲಿಲ್ಲ. ಅವರು ಕಟ್ಟಹೊರಟ ಯಂತ್ರದಲ್ಲಿ ತಂತಿಯಿರಲಿಲ್ಲ, ಚಿಪ್ ಇರಲಿಲ್ಲ. ಇದ್ದದ್ದು ಲೋಹದ ಹಲ್ಲುಚಕ್ರಗಳು ಮತ್ತು ಸನ್ನೆಗಳು. ಅವರೇ ಚಾರ್ಲ್ಸ್ ಬ್ಯಾಬೇಜ್.

ಬ್ಯಾಬೇಜ್ ಹುಟ್ಟಿದ್ದು ಲಂಡನ್ನಿನಲ್ಲಿ, 1791ರ ಡಿಸೆಂಬರ್ 26ರಂದು. ತಂದೆ ಬ್ಯಾಂಕ್ ವ್ಯವಹಾರದವರು, ಅನುಕೂಲಸ್ಥರು. 1810ರಲ್ಲಿ ಕೇಂಬ್ರಿಡ್ಜ್‌ಗೆ ಓದಲು ಹೋದ ಬ್ಯಾಬೇಜ್ ಗಣಿತದಲ್ಲಿ ಮುಳುಗಿದರು. ಅಲ್ಲಿ ಅವರಿಗೆ ಜಾನ್ ಹರ್ಷೆಲ್ ಎಂಬ ಗೆಳೆಯ ಸಿಕ್ಕರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮಗ ಇವರು. 1814ರಲ್ಲಿ ಬ್ಯಾಬೇಜ್ ಪದವಿ ಪಡೆದರು, ಅದೇ ವರ್ಷ ಜಾರ್ಜಿಯಾನಾ ಎಂಬುವರನ್ನು ಮದುವೆಯಾದರು.

ಅಂದಿನ ದಿನಗಳಲ್ಲಿ ಕಂಪ್ಯೂಟರ್ ಎಂದರೆ ಮನುಷ್ಯ! ಹೌದು, ಕುಳಿತು ಲೆಕ್ಕ ಮಾಡುವ ಕೆಲಸಗಾರರನ್ನೇ ಹಾಗೆ ಕರೆಯುತ್ತಿದ್ದರು. ಅವರು ಮಾಡಿದ ಲೆಕ್ಕಗಳನ್ನು ಕೋಷ್ಟಕಗಳಾಗಿ ಅಚ್ಚು ಹಾಕುತ್ತಿದ್ದರು. ನಡುಸಮುದ್ರದಲ್ಲಿರುವ ಹಡಗಿನವರು ಆ ಕೋಷ್ಟಕ ನೋಡಿಯೇ ತಾವು ಎಲ್ಲಿದ್ದೇವೆಂದು ತಿಳಿಯಬೇಕಿತ್ತು. ಲೆಕ್ಕ ಮಾಡುವಾಗ ಒಂದು ತಪ್ಪು, ನಕಲು ಮಾಡುವಾಗ ಇನ್ನೊಂದು, ಅಚ್ಚುಮೊಳೆ ಜೋಡಿಸುವಾಗ ಮತ್ತೊಂದು. 1821ರಲ್ಲಿ ಬ್ಯಾಬೇಜ್ ಮತ್ತು ಹರ್ಷೆಲ್ ಇಂಥದೊಂದು ಲೆಕ್ಕದ ರಾಶಿಯನ್ನು ಮುಂದಿಟ್ಟುಕೊಂಡು ತಾಳೆ ನೋಡುತ್ತಿದ್ದರು. ತಪ್ಪಿನ ಮೇಲೆ ತಪ್ಪು ಸಿಕ್ಕಿತು. ಬೇಸತ್ತ ಬ್ಯಾಬೇಜ್ ಈ ಲೆಕ್ಕವನ್ನೆಲ್ಲ ಉಗಿ ಯಂತ್ರವೇ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದರು. ಆಡಿದ ಆ ಮಾತು ಬದುಕಿನ ಉಳಿದ 50 ವರ್ಷಗಳನ್ನು ತೆಗೆದುಕೊಂಡಿತು.

ಅವರ ಮೊದಲ ಯಂತ್ರದ ಹೆಸರು ವ್ಯತ್ಯಾಸ ಯಂತ್ರ. ಅದರ ಗುಟ್ಟನ್ನು ನೀವು ನೋಟ್‌ಬುಕ್ಕಿನಲ್ಲೇ ಮಾಡಿ ನೋಡಬಹುದು. ವರ್ಗ ಸಂಖ್ಯೆಗಳನ್ನು ಬರೆಯಿರಿ: 1, 4, 9, 16, 25. ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ಬರೆಯಿರಿ: 3, 5, 7, 9. ಈಗ ಇವುಗಳ ವ್ಯತ್ಯಾಸ: 2, 2, 2. ಮುಂದಿನ ವರ್ಗ ಸಂಖ್ಯೆ ಬೇಕೇ? 9ಕ್ಕೆ 2 ಕೂಡಿಸಿ, 11. 25ಕ್ಕೆ 11 ಕೂಡಿಸಿ, 36. ಗುಣಾಕಾರವೇ ಬೇಕಾಗಲಿಲ್ಲ! ಬರೀ ಕೂಡಿಸುವ ಯಂತ್ರವೊಂದಿದ್ದರೆ ಎಷ್ಟೋ ಬಗೆಯ ಕೋಷ್ಟಕಗಳನ್ನು ತಯಾರಿಸಬಹುದು. 1822ರಲ್ಲಿ ಬ್ಯಾಬೇಜ್ ಇದರ ಚಿಕ್ಕ ಮಾದರಿಯನ್ನು ಮಾಡಿ ತೋರಿಸಿದರು. 1823ರಲ್ಲಿ ಸರ್ಕಾರ ಮೊದಲ ಕಂತಾಗಿ 1,500 ಪೌಂಡ್ ಕೊಟ್ಟಿತು.

ಇಲ್ಲಿಂದ ಬಿಡಿಭಾಗಗಳ ಕಷ್ಟ ಶುರುವಾಯಿತು. ಪೂರ್ಣ ಯಂತ್ರಕ್ಕೆ ಸುಮಾರು 25,000 ಭಾಗಗಳು ಬೇಕಿದ್ದವು. ಒಂದೇ ಅಳತೆಯ ನೂರಾರು ಚಕ್ರಗಳು, ಒಂದು ಕೂಡ ಹೆಚ್ಚುಕಡಿಮೆ ಆಗಬಾರದು. ಇಂದು ಅಂಗಡಿಯಲ್ಲಿ ಒಂದು ತಿರುಪು ಕೇಳಿದರೆ ಅಳತೆ ಹೇಳಿದಂತೆಯೇ ಸಿಗುತ್ತದೆ. ಅಂದು ಪ್ರತಿ ಕಾರ್ಖಾನೆಯವರೂ ತಮಗೆ ಬೇಕಾದಂತೆ ತಿರುಪು ಕೊರೆಯುತ್ತಿದ್ದರು. ಒಬ್ಬರ ತಿರುಪು ಇನ್ನೊಬ್ಬರ ನಟ್ಟಿಗೆ ಕೂರುತ್ತಿರಲಿಲ್ಲ. ಆದ್ದರಿಂದ ಬ್ಯಾಬೇಜ್ ಅವರ ಕೆಲಸ ಹಿಡಿದ ಜೋಸೆಫ್ ಕ್ಲೆಮೆಂಟ್ ಎಂಬ ನುರಿತ ಯಂತ್ರಶಿಲ್ಪಿ, ಭಾಗಗಳಿಗಿಂತ ಮೊದಲು ಆ ಭಾಗಗಳನ್ನು ಮಾಡುವ ಉಪಕರಣಗಳನ್ನೇ ತಯಾರಿಸಬೇಕಾಯಿತು. ಕ್ಲೆಮೆಂಟ್ ಅವರ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಯುವಕರೂ ಇದ್ದರು. 1841ರಲ್ಲಿ ಎಲ್ಲ ತಿರುಪುಗಳಿಗೂ ಒಂದೇ ಅಳತೆಯ ಪದ್ಧತಿ ಇರಲಿ ಎಂದು ಸೂಚಿಸಿದವರು ಇವರೇ. ಯಾವುದೋ ಕಂಪನಿಯ ರ‍್ಯಾಮ್ ಇನ್ನಾವುದೋ ಕಂಪನಿಯ ಬೋರ್ಡಿನಲ್ಲಿ ಕೂರುತ್ತದಲ್ಲ, ಅದರ ಹಿಂದೆ ಇರುವುದೂ ಹೀಗೆ ಎಲ್ಲರೂ ಒಪ್ಪಿದ ಅಳತೆಗಳೇ.

ಇದರ ನಡುವೆ 1827ನೇ ಇಸವಿ ಬಂತು. ಅದೊಂದೇ ವರ್ಷದಲ್ಲಿ ಬ್ಯಾಬೇಜ್ ತಮ್ಮ ತಂದೆಯನ್ನೂ, ಇಬ್ಬರು ಮಕ್ಕಳನ್ನೂ, ಹೆಂಡತಿ ಜಾರ್ಜಿಯಾನಾ ಅವರನ್ನೂ ಕಳೆದುಕೊಂಡರು. ಮನಸ್ಸು ಮುರಿದು ಕೆಲಕಾಲ ಯುರೋಪಿನ ಪ್ರವಾಸ ಹೊರಟರು. ಮರಳಿ ಬಂದು ಮತ್ತೆ ಯಂತ್ರದ ಮುಂದೆ ಕುಳಿತರು. ತಂದೆಯ ಆಸ್ತಿ ಬಂದಿದ್ದರಿಂದ ಹಣದ ಚಿಂತೆ ಇರಲಿಲ್ಲ. ಯಂತ್ರದ ಮೇಲ್ವಿಚಾರಣೆಗೆ ಸಂಬಳವನ್ನೂ ಪಡೆಯಲಿಲ್ಲ.

1832ರಲ್ಲಿ ಯಂತ್ರದ ಏಳನೇ ಒಂದು ಭಾಗದಷ್ಟು ಜೋಡಣೆಯಾಯಿತು. ಸುಮಾರು 2,000 ಭಾಗಗಳ ಈ ತುಣುಕು ಸ್ವಲ್ಪವೂ ತಪ್ಪಿಲ್ಲದೆ ಲೆಕ್ಕ ಮಾಡಿತು. ಆದರೆ ಮರುವರ್ಷವೇ ಹಣದ ವಿಚಾರದಲ್ಲಿ ಕ್ಲೆಮೆಂಟ್ ಮತ್ತು ಬ್ಯಾಬೇಜ್ ನಡುವೆ ಜಗಳವಾಗಿ ಕೆಲಸ ನಿಂತುಹೋಯಿತು. ಉಪಕರಣಗಳು ಅವನ್ನು ಮಾಡಿದ ಕುಶಲಕರ್ಮಿಗೇ ಸೇರಬೇಕೆಂಬುದು ಅಂದಿನ ಪದ್ಧತಿ. ಹಾಗಾಗಿ ಕ್ಲೆಮೆಂಟ್ ಅವನ್ನು ಇಟ್ಟುಕೊಂಡರು. ಅನೇಕ ಪುಸ್ತಕಗಳು ಕ್ಲೆಮೆಂಟರನ್ನು ಖಳನಾಯಕನಂತೆ ಚಿತ್ರಿಸುತ್ತವೆ. ಅದು ನ್ಯಾಯವಲ್ಲ. ಅಷ್ಟು ಸೂಕ್ಷ್ಮ ಕೆಲಸ ಮಾಡಿಕೊಡುವವರು ಅಂದು ದೇಶದಲ್ಲೇ ಬೆರಳೆಣಿಕೆಯಷ್ಟಿದ್ದರು.

ಕೆಲಸ ನಿಂತ ಆ ಬಿಡುವಿನಲ್ಲೇ, 1834ರಲ್ಲಿ, ಬ್ಯಾಬೇಜ್ ತಲೆಗೆ ಇನ್ನೂ ದೊಡ್ಡ ಯಂತ್ರ ಹೊಕ್ಕಿತು. ಅದಕ್ಕೆ ವಿಶ್ಲೇಷಕ ಯಂತ್ರ ಎಂದು ಹೆಸರಿಟ್ಟರು. ಕೂಡುವುದಷ್ಟೇ ಅಲ್ಲ, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲವನ್ನೂ ಅದು ಹೇಳಿದ ಕ್ರಮದಲ್ಲಿ ಮಾಡಬೇಕು.

ಮೊದಲು ಎದುರಾದ ಪ್ರಶ್ನೆ ವೇಗದ್ದು. ಶಿಕ್ಷಕರು ಇದನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಬಹುದು. 9,999ಕ್ಕೆ 1 ಕೂಡಿಸಿ. ಬಿಡಿ ಸ್ಥಾನದಲ್ಲಿ ಸೊನ್ನೆ, ದಶಕ ಒಂದು. ಹತ್ತರ ಸ್ಥಾನದಲ್ಲೂ ಸೊನ್ನೆ, ಮತ್ತೆ ದಶಕ ಒಂದು. ಹೀಗೆ ದಶಕವು ಒಂದೊಂದೇ ಮನೆ ದಾಟಿಕೊಂಡು ಹೋಗಬೇಕು. ಸಂಖ್ಯೆಯಲ್ಲಿ 50 ಅಂಕಿಗಳಿದ್ದರೆ ಎಷ್ಟು ಹೊತ್ತು ಕಾಯಬೇಕು, ಯೋಚಿಸಿ! ಬ್ಯಾಬೇಜ್ ಒಂದು ಉಪಾಯ ಹೂಡಿದರು. 9ರಲ್ಲಿ ನಿಂತಿರುವ ಚಕ್ರಗಳನ್ನು ಯಂತ್ರ ಮೊದಲೇ ಗುರುತಿಸುತ್ತದೆ. ಅವುಗಳ ಲೋಹದ ತುಂಡುಗಳು ಒಂದರ ಮೇಲೊಂದು ನಿಂತು ಕಂಬದಂತಾಗುತ್ತವೆ. ಕೆಳಗಿನದನ್ನು ಎತ್ತಿದರೆ ಸಾಕು, ಎಲ್ಲ ದಶಕಗಳೂ ಒಟ್ಟಿಗೇ ಮೇಲೆ ಸಾಗುತ್ತವೆ. ದಶಕವನ್ನು ಮುಂಚೆಯೇ ಊಹಿಸಿ ಸಾಗಿಸುವ ಈ ಆಲೋಚನೆಯನ್ನು ವಿದ್ಯುತ್ ರೂಪದಲ್ಲಿ ಇಂದಿನ ಪ್ರೊಸೆಸರ್‌ಗಳಲ್ಲೂ ಬಳಸುತ್ತಾರೆ.

ಆದರೆ ಈ ಜೋಡಣೆಗೆ ಬಹಳ ಜಾಗ, ಬಹಳ ಭಾಗ, ಬಹಳ ಹಣ ಬೇಕು. ಯಂತ್ರದಲ್ಲಿರುವ ಪ್ರತಿಯೊಂದು ಸಂಖ್ಯೆಗೂ ಇಂಥದೊಂದನ್ನು ಕಟ್ಟಿಕೊಡಲು ಸಾಧ್ಯವೇ ಇಲ್ಲ. ಹಾಗಾದರೆ? ಲೆಕ್ಕ ಮಾಡುವ ದುಬಾರಿ ಭಾಗ ಒಂದೇ ಇರಲಿ, ಸಂಖ್ಯೆಗಳು ಬೇರೆ ಕಡೆ ಸುಮ್ಮನೆ ಕುಳಿತಿರಲಿ, ಬೇಕಾದಾಗ ಬರಲಿ ಎಂದು ಬ್ಯಾಬೇಜ್ ತೀರ್ಮಾನಿಸಿದರು. ಲೆಕ್ಕ ಮಾಡುವ ಭಾಗವನ್ನು ಗಿರಣಿ ಎಂದರು, ಸಂಖ್ಯೆ ಇಡುವ ಭಾಗವನ್ನು ಉಗ್ರಾಣ ಎಂದರು. ಊರಿನ ಭತ್ತದ ಗಿರಣಿ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಭತ್ತ ಉಗ್ರಾಣದಿಂದ ಬರುತ್ತದೆ, ಅಕ್ಕಿಯಾಗಿ ಮರಳುತ್ತದೆ. ಗಿರಣಿ ಎಷ್ಟೇ ಜೋರಾಗಿ ಓಡಲಿ, ಉಗ್ರಾಣದಿಂದ ಮೂಟೆ ಬರುವುದು ತಡವಾದರೆ ಗಿರಣಿ ಖಾಲಿ ತಿರುಗಬೇಕಷ್ಟೆ.

ಇಂದಿನ ಕಂಪ್ಯೂಟರಿನ ಪ್ರೊಸೆಸರ್ ಎಂದರೆ ಈ ಗಿರಣಿ, ರ‍್ಯಾಮ್ ಎಂದರೆ ಈ ಉಗ್ರಾಣ. ಅಂಗಡಿಯಲ್ಲಿ ಅಣ್ಣಂದಿರು ಚರ್ಚಿಸುವುದು ಇದನ್ನೇ. ಬೆಲೆಬಾಳುವ ಪ್ರೊಸೆಸರ್ ಹಾಕಿಸಿ ರ‍್ಯಾಮ್‌ನಲ್ಲಿ ಜಿಪುಣತನ ಮಾಡಿದರೆ ಆಟ ತಡವರಿಸುತ್ತದೆ. ಬೇರೆಯೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ, ಪರದೆಯ ಚಿತ್ರ ಬಿಡಿಸಲೆಂದೇ ನೂರಾರು ಪುಟ್ಟ ಗಿರಣಿಗಳನ್ನು ಸಾಲಾಗಿ ಇಟ್ಟಂತೆ. 3 ಗಿಗಾಹರ್ಟ್ಸ್ ಎಂದು ಬರೆದಿರುವ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ. ಬ್ಯಾಬೇಜ್ ಅವರ ಅಂದಾಜಿನಲ್ಲಿ ಅವರ ಗಿರಣಿ ನಿಮಿಷಕ್ಕೆ 60 ಸಂಕಲನ ಮಾಡಬೇಕಿತ್ತು. 50 ಅಂಕಿಗಳ ಎರಡು ಸಂಖ್ಯೆಗಳನ್ನು ಗುಣಿಸಲು ಒಂದು ನಿಮಿಷ ಸಾಕಿತ್ತು. ಉಗ್ರಾಣದಲ್ಲಿ ಅಂಥ 1,000 ಸಂಖ್ಯೆಗಳಿಗೆ ಜಾಗ. ನಗಬೇಡಿ. 50 ಅಂಕಿಗಳ ಗುಣಾಕಾರವನ್ನು ಕೈಯಲ್ಲಿ ಮಾಡಲು ಎಷ್ಟು ಹೊತ್ತು ಬೇಕೆಂದು ಒಂದು ಭಾನುವಾರ ಪರೀಕ್ಷಿಸಿ.

ಯಂತ್ರಕ್ಕೆ ಆಜ್ಞೆ ಕೊಡುವುದು ಹೇಗೆ? ಫ್ರಾನ್ಸಿನ ಜಾಕಾರ್ಡ್ ಅವರ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳನ್ನು ಬಳಸಿ ರೇಷ್ಮೆಯಲ್ಲಿ ಚಿತ್ತಾರ ನೇಯುತ್ತಿದ್ದರು. ಆ ರಟ್ಟುಗಳನ್ನೇ ಬ್ಯಾಬೇಜ್ ತಮ್ಮ ಯಂತ್ರಕ್ಕೆ ಆರಿಸಿಕೊಂಡರು. ರಟ್ಟು ಬದಲಿಸಿದರೆ ಯಂತ್ರದ ಕೆಲಸವೂ ಬದಲು. ಇಂದು ನಾವು ಇದನ್ನು ಪ್ರೋಗ್ರಾಂ ಎನ್ನುತ್ತೇವೆ. ಯಂತ್ರಕ್ಕೆ ಕೋಷ್ಟಕದ ಸಂಖ್ಯೆಯೊಂದು ಬೇಕಾದರೆ ಗಂಟೆ ಬಾರಿಸಿ ಕೇಳಬೇಕು, ಕೆಲಸಗಾರ ತಪ್ಪು ರಟ್ಟು ಕೊಟ್ಟರೆ ಇನ್ನೂ ಜೋರಾಗಿ ಗಂಟೆ ಬಾರಿಸಬೇಕು ಎಂದೂ ಯೋಜಿಸಿದ್ದರು! ಈ ಯಂತ್ರದ ಶಕ್ತಿಯನ್ನು ಚೆನ್ನಾಗಿ ಅರಿತವರು ಏಡಾ ಲವ್‌ಲೇಸ್ ಎಂಬ ಮಹಿಳೆ. 1843ರಲ್ಲಿ ಅವರು ಪ್ರಕಟಿಸಿದ ಟಿಪ್ಪಣಿಗಳಲ್ಲಿ ಒಂದು ಕಠಿಣ ಲೆಕ್ಕವನ್ನು ಯಂತ್ರ ಹಂತ ಹಂತವಾಗಿ ಮಾಡುವ ಬಗೆಯನ್ನು ಬರೆದು ತೋರಿಸಿದರು.

ಇಷ್ಟಾದರೂ ಯಂತ್ರ ಕಾಗದದ ಮೇಲೆಯೇ ಇತ್ತು. ಹೊಸ ಯಂತ್ರದ ಯೋಚನೆ ಬಂದೊಡನೆ ಬ್ಯಾಬೇಜ್ ಅದನ್ನು ಸರ್ಕಾರಕ್ಕೆ ತಿಳಿಸಿಬಿಟ್ಟಿದ್ದರು. ಪ್ರಾಮಾಣಿಕತೆ ಮೆಚ್ಚಬೇಕಾದ್ದೇ. ಆದರೆ ಸರ್ಕಾರದವರ ಕಡೆಯಿಂದ ನೋಡಿ: ಹಳೆಯ ಯಂತ್ರವೇ ಮುಗಿದಿಲ್ಲ, ಅದಕ್ಕಿಂತ ಉತ್ತಮವಾದದ್ದು ಇದೆ ಎಂದು ಮಾಡುವವರೇ ಹೇಳುತ್ತಿದ್ದಾರೆ. ಹಾಗಾದರೆ ಹಳೆಯದಕ್ಕೆ ಇನ್ನೂ ಹಣ ಸುರಿಯುವುದೇಕೆ? ಅಷ್ಟರಲ್ಲಿ ಸುಮಾರು 17,000 ಪೌಂಡ್ ಖರ್ಚಾಗಿತ್ತು. ಅಂದು ಒಂದು ಉಗಿ ರೈಲು ಎಂಜಿನ್ ಸುಮಾರು 800 ಪೌಂಡಿಗೆ ಸಿಗುತ್ತಿತ್ತು. 1842ರಲ್ಲಿ ಸರ್ಕಾರ ಕೈಬಿಟ್ಟಿತು. ಇತ್ತ ಸ್ವೀಡನ್ನಿನ ಷೂಟ್ಸ್ ಎಂಬ ತಂದೆ–ಮಗ, ಬ್ಯಾಬೇಜ್ ಅವರ ಕೆಲಸದ ಬಗ್ಗೆ ಓದಿ ಸರಳವಾದ ವ್ಯತ್ಯಾಸ ಯಂತ್ರವನ್ನು ಮಾಡಿ 1853ರಲ್ಲಿ ಮುಗಿಸಿಯೂ ಬಿಟ್ಟರು. ಬ್ಯಾಬೇಜ್ ಅಸೂಯೆಪಡದೆ ಅವರಿಗೆ ಬೆಂಬಲ ಕೊಟ್ಟರು.

ಹಣ ಹೊಂದಿಸಲು ಬ್ಯಾಬೇಜ್ ಹುಡುಕಿದ ದಾರಿಯೊಂದನ್ನು ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಆಟವಾಡುವ ಯಂತ್ರ! ಒಂಬತ್ತು ಮನೆಗಳ ಚೌಕದಲ್ಲಿ ಒಬ್ಬರು ಸೊನ್ನೆ, ಇನ್ನೊಬ್ಬರು ಗುಣಿಸುವ ಚಿಹ್ನೆ ಹಾಕುತ್ತಾ ನೀವು ಆಡುತ್ತೀರಲ್ಲ, ಅದೇ ಆಟ. ಎರಡು ಮಕ್ಕಳ ಬೊಂಬೆಗಳು ಎದುರುಬದುರು ಕುಳಿತು ಆಡಬೇಕು. ಗೆದ್ದ ಬೊಂಬೆ ಚಪ್ಪಾಳೆ ತಟ್ಟುವಾಗ ಹುಂಜ ಕೂಗಬೇಕು, ಸೋತ ಬೊಂಬೆ ಅಳುವಾಗ ಕುರಿಮರಿ ಅರಚಬೇಕು. ಎರಡು ನಡೆಗಳು ಸಮನಾಗಿ ಒಳ್ಳೆಯವಾಗಿದ್ದರೆ ಯಂತ್ರ ಯಾವುದನ್ನು ಆರಿಸಬೇಕು? ಅದಕ್ಕೂ ಉಪಾಯವಿತ್ತು. ತಾನು ಈವರೆಗೆ ಗೆದ್ದ ಆಟಗಳನ್ನು ಯಂತ್ರ ಎಣಿಸಿಟ್ಟುಕೊಳ್ಳುತ್ತದೆ. ಆ ಸಂಖ್ಯೆ 14 ಆಗಿದ್ದರೆ, ಸಮಸಂಖ್ಯೆ, ಮೊದಲ ನಡೆ; 15 ಆಗಿದ್ದರೆ, ಬೆಸಸಂಖ್ಯೆ, ಎರಡನೆಯ ನಡೆ. ಮೂರು ನಡೆಗಳಿದ್ದರೆ 3ರಿಂದ ಭಾಗಿಸಿ ಶೇಷ 0, 1, 2 ನೋಡುವುದು. ನೋಡುವವರಿಗೆ ಮಾತ್ರ ಯಂತ್ರ ತನ್ನಿಷ್ಟದಂತೆ ಆಡುತ್ತಿದೆ ಎನಿಸುತ್ತದೆ.

ಊರೂರಿಗೆ ಒಯ್ದು ಟಿಕೆಟ್ ಇಟ್ಟು ತೋರಿಸಿದರೆ ಬರುವ ಹಣದಿಂದ ವಿಶ್ಲೇಷಕ ಯಂತ್ರ ಕಟ್ಟಬಹುದು ಎಂಬುದು ಲೆಕ್ಕಾಚಾರ. ವಿಚಾರಿಸಿ ನೋಡಿದರೆ, ಮಾತನಾಡುವ ಯಂತ್ರವನ್ನೂ, ಲ್ಯಾಟಿನ್ ಪದ್ಯ ಕಟ್ಟುವ ಯಂತ್ರವನ್ನೂ ಲಂಡನ್ನಿನಲ್ಲಿ ತೋರಿಸಿದವರು ನಷ್ಟ ಮಾಡಿಕೊಂಡಿದ್ದರು. ಜನ ಮುಗಿಬಿದ್ದದ್ದು ಟಾಮ್ ಥಂಬ್ ಎಂಬ ಕುಳ್ಳ ಕಲಾವಿದನನ್ನು ನೋಡಲು. ಬೊಂಬೆಗಳನ್ನು ಮಾಡಿ ಮುಗಿಸುವಷ್ಟರಲ್ಲಿ ತಮ್ಮ ಆಯುಷ್ಯವೇ ಮುಗಿದೀತೆಂದು ಬ್ಯಾಬೇಜ್ ಆ ಆಸೆ ಬಿಟ್ಟರು.

1847ರಿಂದ 1849ರವರೆಗೆ ಅವರು ವ್ಯತ್ಯಾಸ ಯಂತ್ರವನ್ನೇ ಹೊಸದಾಗಿ ವಿನ್ಯಾಸ ಮಾಡಿದರು. ವಿಶ್ಲೇಷಕ ಯಂತ್ರದಿಂದ ಕಲಿತದ್ದೆಲ್ಲ ಇಲ್ಲಿ ಸೇರಿತು. ಹಳೆಯದರ ಮೂರನೇ ಒಂದರಷ್ಟು ಭಾಗಗಳಲ್ಲಿ ಅದೇ ಕೆಲಸ ಆಗುವಂತಿತ್ತು. ಸರ್ಕಾರ ಈ ಸಲ ಹಣ ಕೊಡಲಿಲ್ಲ. ಮುಪ್ಪಿನಲ್ಲಿ ಬೀದಿ ವಾದ್ಯಗಾರರ ಗದ್ದಲದ ಮೇಲೆ ಹೋರಾಡುತ್ತ, ನಕ್ಷೆಗಳನ್ನು ತಿದ್ದುತ್ತ ಕಾಲ ಕಳೆದ ಬ್ಯಾಬೇಜ್ 1871ರ ಅಕ್ಟೋಬರ್ 18ರಂದು ತೀರಿಕೊಂಡರು. ಅವರ ಮೆದುಳನ್ನು ಎರಡು ಭಾಗ ಮಾಡಿ ಲಂಡನ್ನಿನ ಎರಡು ಸಂಗ್ರಹಾಲಯಗಳಲ್ಲಿ ಕಾಪಾಡಿಟ್ಟಿದ್ದಾರೆ.

ಮಗ ಹೆನ್ರಿ ಬ್ಯಾಬೇಜ್ ನಮ್ಮ ದೇಶದಲ್ಲಿ, ಬಂಗಾಳದ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿ, ತಂದೆಯ ನಕ್ಷೆಗಳನ್ನು ಹಿಡಿದು ಗಿರಣಿಯ ಒಂದು ಭಾಗವನ್ನು 1910ರಲ್ಲಿ ಕಟ್ಟಿ ಮುಗಿಸಿದರು. 1849ರ ಆ ಎರಡನೆಯ ವ್ಯತ್ಯಾಸ ಯಂತ್ರವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯದವರು, ಬ್ಯಾಬೇಜ್ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಿಖರತೆಯ ಭಾಗಗಳಿಂದ, ಅವರ 200ನೇ ಹುಟ್ಟುಹಬ್ಬದ ವರ್ಷವಾದ 1991ರಲ್ಲಿ ಕಟ್ಟಿ ನಿಲ್ಲಿಸಿದರು. ಹಿಡಿ ತಿರುಗಿಸಿದಾಗ 31 ಅಂಕಿಗಳವರೆಗೆ ಸರಿಯಾದ ಉತ್ತರ ಬಂತು. 2002ರಲ್ಲಿ ಅದರ ಅಚ್ಚಿನ ಭಾಗವೂ ಸಿದ್ಧವಾಯಿತು. ಒಟ್ಟು 8,000 ಭಾಗಗಳು, ಸುಮಾರು 5 ಟನ್ ತೂಕ. ಗಿರಣಿ, ಉಗ್ರಾಣಗಳ ವಿಶ್ಲೇಷಕ ಯಂತ್ರವನ್ನು ಮಾತ್ರ ಯಾರೂ ಇನ್ನೂ ಪೂರ್ತಿಯಾಗಿ ಕಟ್ಟಿಲ್ಲ.