ಅಂಗಡಿಯ ಕಡತದಿಂದ ಸಂಸ್ಥಾನದ ಬೊಕ್ಕಸಕ್ಕೆ: ದಿವಾನ್ ಪೂರ್ಣಯ್ಯನವರು

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಅಷ್ಟಿಷ್ಟು ಓದಿದವರಲ್ಲಿ ದಿವಾನ್ ಪೂರ್ಣಯ್ಯನವರ ಹೆಸರನ್ನು ಕೇಳದವರು ವಿರಳ. ಅವರನ್ನು ಚಾಣಾಕ್ಷ ರಾಜಕಾರಣಿಯೆಂದು ಕೊಂಡಾಡುವವರುಂಟು. ಮೂವರು ಒಡೆಯರ ಉಪ್ಪನ್ನು ಉಂಡು, ಪ್ರತಿಯೊಂದು ಪ್ರಳಯದ ತರುವಾಯವೂ ತೇಲಿ ದಡ ಸೇರಿದ ಸಮಯಸಾಧಕರೆಂದು ಹಳಿಯುವವರೂ ಉಂಟು. ಅವರು ಮೊದಲಿಗೆ ಲೆಕ್ಕ ಬರೆದು ಹೊಟ್ಟೆ ಹೊರೆದವರೆಂಬ ಸಂಗತಿಯನ್ನು ಉಭಯ ಪಕ್ಷದವರೂ ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅವರ ಗುಣಕ್ಕೂ ದೋಷಕ್ಕೂ ಬೇರು ಅಲ್ಲಿಯೇ ಇರುವುದು.

ಪೂರ್ಣಯ್ಯನವರು ೧೭೪೬ರಲ್ಲಿ ಕೊಯಮತ್ತೂರು ಸೀಮೆಯ ಬಡ ಮಾಧ್ವ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಸಂಸಾರದ ಭಾರ ಹೆಗಲಿಗೆ ಬೀಳಲು, ದಿನಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಸಿ, ಅದರ ಮೇಲೆ ಬಳಪದಿಂದ ಜಮಾಖರ್ಚು ಬರೆಯುವ ಕಡತಗಳ ಕಾಲವದು. ಸುಂದರವಾದ ಅಕ್ಷರ, ತಪ್ಪದ ಜ್ಞಾಪಕಶಕ್ತಿ, ಹಲವು ಭಾಷೆಗಳ ಪರಿಚಯ, ಇವೇ ಆ ಬಾಲಕನ ಬಂಡವಾಳ. ಅಂಗಡಿಯ ಸಂಬಂಧದಿಂದ ಅನ್ನದಾನ ಶೆಟ್ಟಿಯೆಂಬ ದೊಡ್ಡ ವರ್ತಕನ ಪರಿಚಯವಾಯಿತು. ಹೈದರಾಲಿಯ ಅರಮನೆಗೂ ಸೈನ್ಯಕ್ಕೂ ಸಾಮಗ್ರಿಯನ್ನು ಒದಗಿಸುತ್ತಿದ್ದವನು ಈ ಶೆಟ್ಟಿ.

ಇಲ್ಲಿ ಪೂರ್ಣಯ್ಯನವರ ವೃತ್ತಿ ತಿರುವು ಪಡೆಯಿತು. ಆದುಹೋದ ವ್ಯವಹಾರವನ್ನು ಸರಿಯಾಗಿ ಬರೆದಿಟ್ಟರೆ ಅಂಗಡಿಯ ಗುಮಾಸ್ತನ ಕೆಲಸ ಮುಗಿಯಿತು. ದಂಡಿಗೆ ಸರಬರಾಯಿ ಮಾಡುವ ವರ್ತಕನಿಗಾದರೋ ಮುಂದಿನ ತಿಂಗಳು ಎಷ್ಟು ಅಕ್ಕಿ ಬೇಕಾದೀತು, ಅದಕ್ಕೆ ಮುಂಗಡವನ್ನು ಯಾರಿಂದ ತರಬೇಕು, ದರ್ಬಾರಿನಿಂದ ಬರತಕ್ಕ ಬಾಕಿ ಯಾವಾಗ ಕೈಸೇರೀತು ಎಂಬ ಚಿಂತೆ. ಇನ್ನೂ ಬಾರದ ಹಣವನ್ನು ಅಂದಾಜು ಮಾಡಿ ನಡೆಸುವ ಈ ವಿದ್ಯೆಯನ್ನು ಯುವಕ ಪೂರ್ಣಯ್ಯನವರು ಶೆಟ್ಟಿಯ ಪರವಾಗಿ ದರ್ಬಾರಿಗೆ ಹೋಗಿಬರುತ್ತ ಕಲಿತರು. ಹೈದರನು ಅಕ್ಷರ ಬಲ್ಲವನಲ್ಲ. ಆದರೆ ಮನುಷ್ಯರನ್ನು ಓದಬಲ್ಲವನು. ಲೆಕ್ಕವನ್ನು ಒಪ್ಪಿಸಲು ಬಂದವನನ್ನು ತನ್ನ ಲೆಕ್ಕದ ಕಚೇರಿಗೇ ಸೇರಿಸಿಕೊಂಡನು. ಕೆಲವು ವರ್ಷಗಳಲ್ಲಿ ಪೂರ್ಣಯ್ಯನವರೂ ಕೃಷ್ಣರಾಯರೂ ಹೈದರನ ಖಜಾನೆಯ ಮುಖ್ಯಾಧಿಕಾರಿಗಳಾದರು.

ಖಜಾನೆಯೆಂದರೆ ಬರಿಯ ಪೆಟ್ಟಿಗೆಯಲ್ಲ, ವಿಶ್ವಾಸವೆಂಬುದು ೧೭೮೨ರ ಡಿಸೆಂಬರ್ ೭ರಂದು ಪರೀಕ್ಷೆಗೆ ಬಂದಿತು. ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಟಿಪ್ಪುವು ದೂರದ ಮಲೆಯಾಳದ ಕಡೆ ಯುದ್ಧದಲ್ಲಿದ್ದನು. ಸುದ್ದಿ ಹೊರಬಿದ್ದರೆ ದಂಡು ಚೆದುರುವುದು ನಿಶ್ಚಯ. ಖಜಾನೆಯ ಅಧಿಕಾರಿಗಳು ಶವವನ್ನು ಸುಗಂಧದ್ರವ್ಯಗಳೊಡನೆ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸೊತ್ತನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿ, ಟಿಪ್ಪುವು ಬಂದು ಸೇರುವವರೆಗೆ ಪಾಳೆಯದ ವ್ಯವಹಾರವನ್ನು ಎಂದಿನಂತೆ ನಡೆಸಿದರು.

ಟಿಪ್ಪುವಿನ ಕಾಲದಲ್ಲಿಯೂ ಪೂರ್ಣಯ್ಯನವರ ಪದವಿ ಉಳಿಯಿತು. ಸೈನ್ಯವನ್ನು ನಡೆಸುವ ಹೊಣೆಯೂ ಕೂಡಿಬಂದಿತು. ೧೭೯೨ರ ಶ್ರೀರಂಗಪಟ್ಟಣದ ಕೌಲಿನಿಂದ ಅರ್ಧ ರಾಜ್ಯ ಕೈಬಿಟ್ಟುಹೋದುದಲ್ಲದೆ, ೩ ಕೋಟಿ ೩೦ ಲಕ್ಷ ರೂಪಾಯಿಗಳ ದಂಡವೂ ಬಿದ್ದಿತು. ಅರ್ಧವನ್ನು ಒಡನೆಯೇ, ಉಳಿದುದನ್ನು ಮೂರು ಕಂತುಗಳಲ್ಲಿ ಕೊಡಬೇಕು. ಅಲ್ಲಿಯವರೆಗೆ ಸುಲ್ತಾನನ ಇಬ್ಬರು ಮಕ್ಕಳು ಒತ್ತೆ. ಕಂತು ತಪ್ಪಿದ ದೇಶಕ್ಕೆ ಏನಾಗುವುದೆಂಬುದನ್ನು ಆ ಎರಡು ವರ್ಷಗಳಲ್ಲಿ ಖಜಾನೆಯವರಷ್ಟು ಸಮೀಪದಿಂದ ಕಂಡವರು ಬೇರೊಬ್ಬರಿರಲಾರರು. ೧೭೯೪ರಲ್ಲಿ ರಾಜಕುಮಾರರು ಹಿಂದಿರುಗಿದರು.

೧೭೯೯ರ ಮೇ ೪ರಂದು ಟಿಪ್ಪುವು ಮಡಿದನು. ಜೂನ್ ೩೦ರಂದು ಐದು ವರ್ಷದ ಶಿಶು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ನಿನ್ನೆಯವರೆಗೆ ಟಿಪ್ಪುವಿನ ಕಡೆ ನಿಂತು ಕಾದಿದವರು ಇಂದು ಗೆದ್ದವರ ಕೈಯಿಂದ ಅಧಿಕಾರವನ್ನು ಸ್ವೀಕರಿಸಿದುದು ಹಲವರಿಗೆ ರುಚಿಸಿಲ್ಲ. ಆ ಅರುಚಿಯಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೆ ಜುಲೈ ತಿಂಗಳಲ್ಲಿ ಕುಂಪಣಿಯವರೊಡನೆ ಆದ ಕೌಲನ್ನು ನೋಡದೆ ಈ ತೀರ್ಪನ್ನು ಕೊಡಕೂಡದು. ಅದರಂತೆ ಸಂಸ್ಥಾನವು ವರ್ಷಕ್ಕೆ ೭ ಲಕ್ಷ ವರಹಗಳನ್ನು, ಎಂದರೆ ಸುಮಾರು ೨೪½ ಲಕ್ಷ ರೂಪಾಯಿಗಳನ್ನು, ಕುಂಪಣಿಗೆ ಪೊಗದಿಯಾಗಿ ತೆರಬೇಕು. ಈ ಹಣಕ್ಕೆ ಭಂಗ ಬರುವ ಶಂಕೆ ಗವರ್ನರ್ ಜನರಲ್ಲಿಗೆ ಹುಟ್ಟಿದಲ್ಲಿ ರಾಜ್ಯದ ಆಡಳಿತವನ್ನೇ ಕುಂಪಣಿಯು ವಹಿಸಿಕೊಳ್ಳಬಹುದು. ಶಂಕೆಯೇ ಸಾಕು, ತಪ್ಪು ನಡೆಯಬೇಕೆಂಬ ನಿಯಮವಿಲ್ಲ!

ಪೂರ್ಣಯ್ಯನವರ ಹನ್ನೆರಡು ವರ್ಷದ ದಿವಾನಗಿರಿಯೆಲ್ಲವೂ ಈ ಕಲಮಿಗೆ ಕೊಟ್ಟ ಉತ್ತರವೆಂದೇ ನಾವು ತಿಳಿಯುತ್ತೇವೆ. ಯುದ್ಧಗಳಿಂದ ಹಾಳುಬಿದ್ದ ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದರು. ನೀರಿಲ್ಲದೆ ಕಂದಾಯವಿಲ್ಲವೆಂಬುದು ಅವರಿಗೆ ತಿಳಿದಿತ್ತು. ೧೮೦೪ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯಾಯಿತು. ಅದಕ್ಕೆ ವೆಲ್ಲೆಸ್ಲಿಯ ಹೆಸರನ್ನು ಇಟ್ಟರು. ಕಾವೇರಿಯ ನೀರನ್ನು ಮೈಸೂರಿಗೆ ತರಲು ತೋಡಿಸಿದ ಕಾಲುವೆ ಮಾತ್ರ ಫಲಿಸಲಿಲ್ಲ. ‘ಪೂರ್ಣಯ್ಯನ ನಾಲೆ’ ಎಂಬ ಹೆಸರಷ್ಟೇ ಉಳಿಯಿತು. ಪೊಗದಿಯು ಸಲ್ಲುತ್ತಿದ್ದಂತೆಯೇ ಬೊಕ್ಕಸದಲ್ಲಿ ಉಳಿತಾಯವೂ ಬೆಳೆಯಿತು. ಅವರು ಅಧಿಕಾರವನ್ನು ಬಿಟ್ಟಾಗ ಅಲ್ಲಿದ್ದ ಮೊಬಲಗು ಎರಡು ಕೋಟಿ ರೂಪಾಯಿಗೂ ಮೀರಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಆಂಗ್ಲ ಅಧಿಕಾರಿಗಳು ದಿವಾನರನ್ನು ಬಾಯಿತುಂಬ ಹೊಗಳಿದರು. ಸೇನಾಪತಿ ಆರ್ಥರ್ ವೆಲ್ಲೆಸ್ಲಿಯು ಸ್ವದೇಶಕ್ಕೆ ಮರಳುವಾಗ ತನ್ನ ಭಾವಚಿತ್ರವನ್ನೇ ಕೊಟ್ಟುಹೋದನು. ೧೮೦೭ರಲ್ಲಿ ಯಳಂದೂರು ಜಹಗೀರಿಯಾಗಿ ದೊರೆಯಿತು. ತಾರೀಖಿಗೆ ಸರಿಯಾಗಿ ಹಣ ಪಡೆಯುವವರು ಕೊಡುವವನನ್ನು ಹೊಗಳುವುದರಲ್ಲಿ ಅತಿಶಯವೇನೂ ಇಲ್ಲ.

ದೋಷವಿರುವುದು ಬೇರೆ ಕಡೆಯಲ್ಲಿ. ಎರಡು ಕೋಟಿಯನ್ನು ಕೂಡಿಟ್ಟ ದಿವಾನರು ಅದನ್ನು ಕಾಯಬಲ್ಲ ಏರ್ಪಾಡನ್ನು ಕಟ್ಟಲಿಲ್ಲ. ಸಂಸ್ಥಾನದ ಲೆಕ್ಕವೆಲ್ಲ ಕೊನೆಯವರೆಗೂ ಒಬ್ಬರ ಜ್ಞಾಪಕದಲ್ಲಿ, ಒಬ್ಬರ ಹಿಡಿತದಲ್ಲಿ ನಿಂತಿತ್ತು. ಅಂಗಡಿಯಲ್ಲಿ ಕಡತ ಗುಮಾಸ್ತನ ಬಗಲಲ್ಲಿ ಇರುವಂತೆ. ಬೆಳೆಯುತ್ತಿದ್ದ ಅರಸರಿಗೆ ರಾಜ್ಯದ ಆಯವ್ಯಯವನ್ನು ಕೂರಿಸಿಕೊಂಡು ಕಲಿಸುವ ಪ್ರಯತ್ನ ಸಾಕಷ್ಟು ನಡೆದಂತೆ ಕಾಣುವುದಿಲ್ಲ. ಅರಸರು ಹದಿನಾರನ್ನು ಮುಟ್ಟಿ ಅಧಿಕಾರವನ್ನು ಅಪೇಕ್ಷಿಸಿದಾಗ, ವೃದ್ಧ ದಿವಾನರಿಗೂ ಅವರಿಗೂ ವಿರಸ ಬೆಳೆಯಿತು. ೧೮೧೧ರಲ್ಲಿ ಪೂರ್ಣಯ್ಯನವರು ನಿವೃತ್ತರಾಗಿ ಶ್ರೀರಂಗಪಟ್ಟಣದಲ್ಲಿ ನೆಲಸಿದರು. ೧೮೧೨ರ ಮಾರ್ಚಿಯಲ್ಲಿ ಕಾಲವಾದರು.

ಅನಂತರದ ಕಥೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಕೂಡಿಟ್ಟ ಹಣ ದಾನ ಧರ್ಮಗಳಲ್ಲಿ, ಆಶ್ರಿತರ ಕೈಯಲ್ಲಿ ಕರಗಿತು. ಕಂದಾಯವನ್ನು ಇಷ್ಟಕ್ಕೆಂದು ಗೊತ್ತುಮಾಡಿ ವಸೂಲಿಗೆ ಬಿಡುವ ಶರ್ತಿನ ಪದ್ಧತಿ ರೈತರನ್ನು ಹಿಂಡಿತು. ೧೮೩೦ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ೧೮೩೧ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ೧೭೯೯ರ ಕೌಲಿನ ಅದೇ ಕಲಮನ್ನು ಮುಂದೆಮಾಡಿ ಮೈಸೂರಿನ ಆಡಳಿತವನ್ನು ಕುಂಪಣಿಯ ವಶಕ್ಕೆ ತೆಗೆದುಕೊಂಡನು. ರಾಜ್ಯವು ಒಡೆಯರ ಮನೆತನಕ್ಕೆ ಮರಳಿದುದು ೧೮೮೧ರಲ್ಲಿ. ಪೊಗದಿಯನ್ನು ಆಗ ೩೫ ಲಕ್ಷ ರೂಪಾಯಿಗಳಿಗೆ ಏರಿಸಲು ಗೊತ್ತುಮಾಡಿದ್ದರು.