ಒಂದು ಛಾಯಾಚಿತ್ರ, ಐದು ಪೌಂಡ್ ದಂಡ: ಎಗ್ಲಾಂಟೈನ್ ಜೆಬ್

1919ರ ಏಪ್ರಿಲ್ ತಿಂಗಳಿನಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕರಪತ್ರ ಹಂಚುತ್ತಿದ್ದ 42 ವರ್ಷದ ಮಹಿಳೆಯೊಬ್ಬರನ್ನು ಪೊಲೀಸರು ಬಂಧಿಸಿದರು. ಕರಪತ್ರದಲ್ಲಿದ್ದುದು ಆಸ್ಟ್ರಿಯಾದ ಎರಡೂವರೆ ವರ್ಷದ ಮಗುವೊಂದರ ಛಾಯಾಚಿತ್ರ. ಆ ವಯಸ್ಸಿಗೆ ಸುಮಾರು 28 ಪೌಂಡ್ ತೂಗಬೇಕಾಗಿದ್ದ ಮಗು 12 ಪೌಂಡಿನ ಆಸುಪಾಸಿನಲ್ಲಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಐದೂವರೆ ಕಿಲೋ. ತಲೆ, ಮುಂಡಗಳು ಅಷ್ಟಿಷ್ಟು ಬೆಳೆದಿದ್ದವು. ಕೈಕಾಲುಗಳು ಬೆಳೆದೇ ಇರಲಿಲ್ಲ. ಇದಕ್ಕೆ ಬ್ರಿಟನ್ ಹೇರಿದ ದಿಗ್ಬಂಧನವೇ ಕಾರಣವೆಂದು ಕರಪತ್ರ ನೇರವಾಗಿ ಆರೋಪಿಸಿತ್ತು.

ಮೊದಲನೆಯ ಮಹಾಯುದ್ಧ 1918ರ ನವೆಂಬರ್ 11ರಂದೇ ನಿಂತಿತ್ತು. ಆದರೆ ಸೋತ ರಾಷ್ಟ್ರಗಳು ಶಾಂತಿ ಒಪ್ಪಂದಕ್ಕೆ ಸಹಿ ಹಾಕುವವರೆಗೆ ಆಹಾರ ಸಾಗಣೆಯ ಮೇಲಿನ ದಿಗ್ಬಂಧನವನ್ನು ತೆರವುಗೊಳಿಸಬಾರದೆಂಬುದು ಮಿತ್ರಕೂಟದ ನಿಲುವಾಗಿತ್ತು. ಜರ್ಮನಿ, ಆಸ್ಟ್ರಿಯಾಗಳ ನಗರಗಳಲ್ಲಿ ಹಾಲು, ಎಣ್ಣೆ, ಧಾನ್ಯಗಳಿಲ್ಲದೆ ಮಕ್ಕಳು ಕ್ಷಯ, ಮೂಳೆರೋಗಗಳಿಗೆ ತುತ್ತಾಗುತ್ತಿದ್ದರು. ನಾಲ್ಕು ವರ್ಷ ತಮ್ಮ ಗಂಡುಮಕ್ಕಳನ್ನು ರಣರಂಗದಲ್ಲಿ ಕಳೆದುಕೊಂಡಿದ್ದ ಜನಕ್ಕೆ ಶತ್ರುವಿನ ಮಗುವಿನ ಚಿತ್ರ ತೋರಿಸಿ ಮರುಕ ಬೇಡುವುದು ಅಂದಿಗೆ ದೇಶದ್ರೋಹಕ್ಕೆ ಸಮೀಪದ ಕೆಲಸವಾಗಿತ್ತು. ಆ ಕೆಲಸಕ್ಕೆ ಕೈಹಾಕಿದವರು ಎಗ್ಲಾಂಟೈನ್ ಜೆಬ್; ಮಕ್ಕಳ ಹಕ್ಕು ಎಂಬ ಮಾತನ್ನು ಜಗತ್ತಿನ ರಾಜಕಾರಣದ ನಿಘಂಟಿಗೆ ಸೇರಿಸಿದವರು.

ಜೆಬ್ ಹುಟ್ಟಿದ್ದು 1876ರ ಆಗಸ್ಟ್ 25ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಎಲ್ಸ್‌ಮಿಯರ್‌ನಲ್ಲಿ. ಕನ್ನಡಿಗರಿಗೆ ಆ ಇಸವಿಯ ನೆನಪು ಬೇರೆಯೇ ಇದೆ. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಬಹುದೊಡ್ಡ ಪಾಲನ್ನು ನುಂಗಿದ ಧಾತು ಈಶ್ವರ ಸಂವತ್ಸರಗಳ ಬರ ಆರಂಭವಾದುದು ಅದೇ ವರ್ಷ. ಆ ಬರದ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೋಬಿ ವಾಲೇಸ್ ಹೂಪರ್ ಎಂಬ ಸೇನಾಧಿಕಾರಿ ಹಸಿದವರನ್ನು ಸಾಲಾಗಿ ಕೂರಿಸಿ ಛಾಯಾಚಿತ್ರ ತೆಗೆದರು. ಎಲುಬುಗೂಡಾದ ತಂದೆತಾಯಿ, ಮಡಿಲಲ್ಲಿ ಸಾಯುತ್ತಿರುವ ಕೂಸು. ಚಿತ್ರ ತೆಗೆದ ಮೇಲೆ ಆ ಜನರಿಗೆ ಏನಾಯಿತೆಂಬುದನ್ನು ಆ ಚಿತ್ರಗಳು ಹೇಳುವುದಿಲ್ಲ. ಹಸಿದ ಮಗುವಿನ ಮುಂದೆ ಕ್ಯಾಮೆರಾ ಹಿಡಿಯುವವನ ಹೊಣೆ ಏನು ಎಂಬ ಪ್ರಶ್ನೆ ಅಂದಿನಿಂದಲೇ ಬಂದುದು. ನಾಲ್ಕು ದಶಕಗಳ ಬಳಿಕ ಜೆಬ್ ಅದೇ ಬಗೆಯ ಚಿತ್ರವನ್ನು ಬಳಸಿದರು. ಆದರೆ ಚಿತ್ರದ ಪಕ್ಕದಲ್ಲಿ ಕಾರಣವನ್ನೂ ಕಾರಣಕರ್ತರನ್ನೂ ಅಚ್ಚು ಹಾಕಿಸಿದರು. ಅವರನ್ನು ನ್ಯಾಯಾಲಯಕ್ಕೆ ಎಳೆದದ್ದು ಚಿತ್ರಕ್ಕಿಂತ ಹೆಚ್ಚಾಗಿ ಆ ಪಕ್ಕದ ಬರಹ.

ಮನೆತನ ಸ್ಥಿತಿವಂತರದು, ಓದುಬರಹದ ಒಲವುಳ್ಳದ್ದು. ತಾಯಿ ಗ್ರಾಮೀಣರಿಗೆ ಕರಕುಶಲ ಕಲೆಗಳನ್ನು ಕಲಿಸುವ ಸಂಘವೊಂದನ್ನು ಕಟ್ಟಿದವರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಅರೆ ತೆರೆದಿದ್ದ ಕಾಲದಲ್ಲಿ ಎಗ್ಲಾಂಟೈನ್ ಆಕ್ಸ್‌ಫರ್ಡಿನ ಲೇಡಿ ಮಾರ್ಗರೆಟ್ ಹಾಲ್‌ನಲ್ಲಿ ಇತಿಹಾಸ ಓದಿದರು. ಬಳಿಕ ಶಿಕ್ಷಕಿಯ ತರಬೇತಿ ಪಡೆದು ಮಾರ್ಲ್‌ಬರೋ ಪಟ್ಟಣದ ಶಾಲೆಯೊಂದರಲ್ಲಿ ಪಾಠ ಹೇಳಿದರು. ಆ ವೃತ್ತಿ ಅವರಿಗೆ ಒಗ್ಗಲಿಲ್ಲ; ಆರೋಗ್ಯವೂ ಜೊತೆಗೂಡಲಿಲ್ಲ. ಮಕ್ಕಳ ಗದ್ದಲ ಅವರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಮದುವೆಯಾಗಲಿಲ್ಲ, ಸ್ವಂತ ಮಕ್ಕಳೂ ಇರಲಿಲ್ಲ. ಮಕ್ಕಳ ಪಾಲಿಗೆ ಇಷ್ಟು ಮಾಡಿದವರು ಮಕ್ಕಳನ್ನು ಮುದ್ದಿಸುವ ಸ್ವಭಾವದವರಾಗಿರಲಿಲ್ಲ ಎಂಬುದು ಅವರ ಬದುಕಿನ ಒಂದು ವೈಚಿತ್ರ್ಯ. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತೇನೋ: ಅವರ ವಾದ ಕಣ್ಣೀರಿನ ಮೇಲೆ ಮಾತ್ರ ನಿಲ್ಲಲಿಲ್ಲ.

ಶಾಲೆ ಬಿಟ್ಟ ಮೇಲೆ ತಾಯಿಯೊಂದಿಗೆ ಕೇಂಬ್ರಿಜ್‌ನಲ್ಲಿ ನೆಲೆಸಿದರು. ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ತಾಯಿ ಫ್ಲಾರೆನ್ಸ್ ಕೇನ್ಸ್ ಮೊದಲಾದವರ ಒಡನಾಟದಲ್ಲಿ ಸಮಾಜಸೇವೆಯ ಕ್ಷೇತ್ರಕ್ಕೆ ಬಂದರು. ಆ ನಗರದ ಬಡವರ ವಸತಿ, ಕೂಲಿ, ಶಿಕ್ಷಣಗಳ ಬಗ್ಗೆ ಅಂಕಿಅಂಶ ಸಂಗ್ರಹಿಸಿ 1906ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. 1913ರಲ್ಲಿ ಬಾಲ್ಕನ್ ಯುದ್ಧದಿಂದ ಜರ್ಜರಿತವಾಗಿದ್ದ ಮ್ಯಾಸಿಡೋನಿಯಾಕ್ಕೆ ಪರಿಹಾರ ನಿಧಿಯ ಪರವಾಗಿ ಹೋಗಿ ನಿರಾಶ್ರಿತರನ್ನು ಕಂಡರು. ಅಲ್ಲಿಂದ ಮರಳುವಾಗ ಅವರಲ್ಲಿ ಗಟ್ಟಿಯಾಗಿದ್ದ ನಂಬಿಕೆಯೆಂದರೆ, ಪರಿಹಾರ ಎನ್ನುವುದು ದಯಾವಂತರ ಬಿಡುವಿನ ಕೆಲಸವಲ್ಲ, ಲೆಕ್ಕ, ಯೋಜನೆ ಮತ್ತು ಅಧ್ಯಯನವನ್ನು ಬೇಡುವ ವಿಜ್ಞಾನ ಎಂಬುದು.

ಯುದ್ಧದ ವರ್ಷಗಳಲ್ಲಿ ತಂಗಿ ಡೊರೊಥಿ ಬಕ್ಸ್‌ಟನ್ ಶತ್ರು ರಾಷ್ಟ್ರಗಳ ಪತ್ರಿಕೆಗಳಿಂದ ಆಯ್ದ ಸುದ್ದಿಗಳನ್ನು ಅನುವಾದಿಸಿ ಕೇಂಬ್ರಿಜ್ ಮ್ಯಾಗಜೀನ್‌ನಲ್ಲಿ ಪ್ರಕಟಿಸುತ್ತಿದ್ದರು. ಅಕ್ಕನೂ ಆ ಕೆಲಸಕ್ಕೆ ಕೈಜೋಡಿಸಿದರು. ಬ್ರಿಟಿಷ್ ಪತ್ರಿಕೆಗಳು ಹೇಳದಿದ್ದ ಹಸಿವಿನ ಸುದ್ದಿ ಅವರಿಗೆ ತಿಳಿದುಬಂದುದು ಹೀಗೆ. 1919ರ ಆರಂಭದಲ್ಲಿ ದಿಗ್ಬಂಧನದ ವಿರುದ್ಧ ಕ್ಷಾಮ ವಿರೋಧಿ ಮಂಡಳಿ ಹುಟ್ಟಿಕೊಂಡಿತು. ಕರಪತ್ರ ಹೊರಬಂದುದು ಅದರ ಚಟುವಟಿಕೆಯ ಭಾಗವಾಗಿ.

ಮೊಕದ್ದಮೆ ಮೇ ತಿಂಗಳಲ್ಲಿ ಲಂಡನ್ನಿನ ಮ್ಯಾನ್ಷನ್ ಹೌಸ್‌ನಲ್ಲಿ ನಡೆಯಿತು. ಸೆನ್ಸಾರ್ ಅನುಮತಿ ಪಡೆಯದೆ ಕರಪತ್ರ ಹಂಚಿದ್ದು ದೇಶರಕ್ಷಣಾ ಕಾಯಿದೆಯ ಉಲ್ಲಂಘನೆ ಎಂಬುದು ಆರೋಪ. ಕಾನೂನಿನ ಪ್ರಕಾರ ತಪ್ಪಿಸಿಕೊಳ್ಳುವ ದಾರಿಯಿಲ್ಲವೆಂದು ಜೆಬ್‌ಗೆ ತಿಳಿದಿತ್ತು. ಹಾಗಾಗಿ ತಮ್ಮ ಪರವಾಗಿ ತಾವೇ ವಾದಿಸಿ, ಕಾನೂನನ್ನು ಬದಿಗಿಟ್ಟು ನೀತಿಯ ಪ್ರಶ್ನೆಯನ್ನೇ ಮುಂದಿಟ್ಟರು. ಐದು ಪೌಂಡ್ ದಂಡ ಬಿತ್ತು. ಸರ್ಕಾರದ ಪರ ವಾದಿಸಿದ್ದ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಕಲಾಪ ಮುಗಿದ ಮೇಲೆ ತಮ್ಮ ಜೇಬಿನಿಂದಲೇ ಐದು ಪೌಂಡ್ ತೆಗೆದು ಆಕೆಗೆ ಕೊಟ್ಟರು. ಆ ಹಣವೇ ಸೇವ್ ದಿ ಚಿಲ್ಡ್ರನ್ ನಿಧಿಗೆ ಬಂದ ಮೊದಲ ದೇಣಿಗೆಯೆಂದು ಸಂಸ್ಥೆಯ ಚರಿತ್ರೆ ನೆನೆಯುತ್ತದೆ. ಮೇ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ ನಿಧಿಯ ಸ್ಥಾಪನೆಯಾಯಿತು. ಪತ್ರಿಕೆಗಳು ಮೊಕದ್ದಮೆಯನ್ನು ವರದಿ ಮಾಡಿದ್ದರಿಂದ ಸಭಾಂಗಣ ತುಂಬಿತ್ತು. ದೇಶದ್ರೋಹಿಗಳಿಗೆ ಎಸೆಯಲು ಕೊಳೆತ ಹಣ್ಣು ತಂದವರೂ ಇದ್ದರಂತೆ. ಚಿತ್ರವನ್ನು ಅಡಗಿಸಲು ಹೊರಟ ಸರ್ಕಾರ ಅದಕ್ಕೆ ಪುಕ್ಕಟೆ ಪ್ರಚಾರ ಕೊಟ್ಟಂತಾಗಿತ್ತು.

ಇಲ್ಲಿಂದ ಮುಂದೆ ಜೆಬ್ ನಡೆಸಿದ ಕೆಲಸದಲ್ಲಿ ಇಂದಿನ ಸೇವಾಸಂಸ್ಥೆಗಳ ಪ್ರಚಾರ ವಿಭಾಗದ ಬೀಜಗಳೆಲ್ಲ ಇವೆ. ದಾನದ ಕೆಲಸಕ್ಕೆ ವ್ಯಾಪಾರಿ ಜಾಹೀರಾತು ತಕ್ಕುದಲ್ಲ ಎಂಬ ಮಡಿವಂತಿಕೆ ಅಂದು ಬಲವಾಗಿತ್ತು. ಜೆಬ್ ಅದನ್ನು ಲೆಕ್ಕಿಸದೆ ಪತ್ರಿಕೆಗಳಲ್ಲಿ ಪುಟದಗಲದ ಜಾಹೀರಾತು ಕೊಟ್ಟರು. ಮಕ್ಕಳ ಹಾಲಿಗೆ ಹೋಗಬೇಕಾದ ಹಣ ಮುದ್ರಣಾಲಯಕ್ಕೆ ಹೋಗುತ್ತಿದೆಯೆಂದು ಟೀಕೆ ಬಂತು. ದೇಣಿಗೆ ಹೆಚ್ಚಿದ್ದರಿಂದ ಟೀಕೆ ತಣ್ಣಗಾಯಿತು. 1920ರಲ್ಲಿ ನಿಧಿಯದೇ ಪತ್ರಿಕೆ ಆರಂಭವಾಗಿ, ಮಕ್ಕಳ ಸ್ಥಿತಿಗತಿಯ ವರದಿಗಳು ಚಿತ್ರಗಳೊಂದಿಗೆ ದಾನಿಗಳ ಮನೆ ತಲುಪಿದವು. ಸಂಸ್ಥೆಯ ಲಾಂಛನಕ್ಕೆ ಮಾತ್ರ ಬಡಕಲು ದೇಹ ಬೇಡವಾಯಿತು. ಫ್ಲಾರೆನ್ಸ್ ನಗರದ ಅನಾಥಾಲಯದ ಗೋಡೆಯಲ್ಲಿ ಆಂಡ್ರಿಯಾ ಡೆಲ್ಲಾ ರೊಬಿಯಾ ಐನೂರು ವರ್ಷಗಳ ಹಿಂದೆ ರೂಪಿಸಿದ, ಬಟ್ಟೆ ಸುತ್ತಿದ ಶಿಶುವನ್ನು ಆರಿಸಿಕೊಂಡರು. ಕೈಚಾಚಿ ನಿಂತ, ಆದರೆ ಅಸಹಾಯಕವೆನಿಸದ ಮಗು ಅದು.

1921ರಲ್ಲಿ ರಷ್ಯಾದ ವೋಲ್ಗಾ ನದಿಯ ಬಯಲಿನಲ್ಲಿ ಭೀಕರ ಕ್ಷಾಮ ತಲೆದೋರಿತು. ನಿಧಿ ಹಡಗಿನಲ್ಲಿ ಆಹಾರ ಕಳುಹಿಸಿ ಸರಾಟೊವ್ ಪ್ರಾಂತ್ಯದಲ್ಲಿ ಗಂಜಿಕೇಂದ್ರಗಳನ್ನು ತೆರೆಯಿತು. ಒಂದು ಹಂತದಲ್ಲಿ ದಿನಕ್ಕೆ ಸುಮಾರು 3 ಲಕ್ಷ ಮಕ್ಕಳು ಅಲ್ಲಿ ಉಣ್ಣುತ್ತಿದ್ದರು. ಆದರೆ ಬೊಲ್ಷೆವಿಕ್ ರಷ್ಯಾಕ್ಕೆ ನೆರವೇಕೆ ಎಂಬ ಕೂಗು ಲಂಡನ್ನಿನಲ್ಲಿ ಎದ್ದಿತು. ಡೇಲಿ ಎಕ್ಸ್‌ಪ್ರೆಸ್ ಪತ್ರಿಕೆ ಕ್ಷಾಮದ ತೀವ್ರತೆಯನ್ನೇ ಪ್ರಶ್ನಿಸಿ ನಿಧಿಯ ಮೇಲೆ ಹರಿಹಾಯ್ದಿತು. ಅಂಕಿಅಂಶಗಳಿಂದ ಉತ್ತರ ಕೊಟ್ಟರೆ ಸಾಲದಾಗಿತ್ತು. ನಿಧಿ ಡೇಲಿ ಮಿರರ್ ಪತ್ರಿಕೆಯ ಛಾಯಾಗ್ರಾಹಕ ಜಾರ್ಜ್ ಮ್ಯೂವ್ಸ್ ಅವರನ್ನು ಕ್ಷಾಮಪೀಡಿತ ಪ್ರದೇಶಕ್ಕೆ ಕಳುಹಿಸಿತು. ಯುದ್ಧಕಾಲದಲ್ಲಿ ರಷ್ಯಾ ರಣರಂಗವನ್ನು ಚಿತ್ರಿಸಿದ ಅನುಭವ ಅವರಿಗಿತ್ತು. ಅವರು ತಂದ ಚಲನಚಿತ್ರವನ್ನು ಬ್ರಿಟನ್ನಿನ ಊರೂರುಗಳಲ್ಲಿ ಉಪನ್ಯಾಸಗಳೊಂದಿಗೆ ತೋರಿಸಲಾಯಿತು. ಹೆಣಗಳ ರಾಶಿ, ಹಸಿದ ಮಕ್ಕಳು, ಅದರ ಬೆನ್ನಿಗೇ ಗಂಜಿಕೇಂದ್ರದಲ್ಲಿ ಬಟ್ಟಲು ಹಿಡಿದ ಮಕ್ಕಳು. ನೋಟದ ಈ ಜೋಡಣೆ ಮುಖ್ಯವಾದುದು. ಹಸಿವನ್ನಷ್ಟೇ ತೋರಿಸಿದರೆ ನೋಡುಗ ಕೈಚೆಲ್ಲುತ್ತಾನೆ. ಕೊಟ್ಟ ಹಣ ಎಲ್ಲಿ ಬಟ್ಟಲಾಯಿತೆಂದು ತೋರಿಸಿದರೆ ಮತ್ತೆ ಕೊಡುತ್ತಾನೆ. ಒಂದು ಸೇವಾಸಂಸ್ಥೆ ತಾನೇ ಛಾಯಾಗ್ರಾಹಕನನ್ನು ನಿಯೋಜಿಸಿ, ತೆಗೆದುದನ್ನು ಸಂಕಲಿಸಿ, ಸಾಕ್ಷ್ಯವಾಗಿ ಜನರ ಮುಂದಿಟ್ಟ ಆರಂಭದ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಲೂಯಿಸ್ ಹೈನ್ ಅಮೆರಿಕದ ಬಾಲಕಾರ್ಮಿಕ ಸಮಿತಿಗಾಗಿ ಗಿರಣಿ, ಗಣಿಗಳ ಮಕ್ಕಳ ಚಿತ್ರ ತೆಗೆಯುವ ಕೆಲಸವನ್ನು 1908ರಷ್ಟು ಹಿಂದೆಯೇ ಕೈಗೆತ್ತಿಕೊಂಡಿದ್ದರು.

ಈ ಯಶಸ್ಸಿಗೆ ತೆತ್ತ ಬೆಲೆಯೂ ಇದೆ. ಮೊದಲ ಕರಪತ್ರ ದಿಗ್ಬಂಧನವನ್ನು ಹೆಸರಿಸಿತ್ತು. ನಿಧಿ ಬೆಳೆದು, ಎಲ್ಲ ಪಕ್ಷಗಳ, ಎಲ್ಲ ಮತಗಳ ದಾನಿಗಳು ಸೇರಿದಂತೆ ಚಿತ್ರದ ಪಕ್ಕದ ಆ ದೋಷಾರೋಪ ಮೆಲ್ಲನೆ ಮಾಯವಾಯಿತು. ಮಗು ಉಳಿಯಿತು, ಕಾರಣ ಹೋಯಿತು. ಡೊರೊಥಿ ನಿಧಿಯ ಆಡಳಿತದಿಂದ ಹಿಂದೆ ಸರಿದು ರಾಜಕೀಯ ಹೋರಾಟದ ದಾರಿ ಹಿಡಿದರು. ಎಗ್ಲಾಂಟೈನ್ ಪರಿಹಾರದ ದಾರಿಯಲ್ಲಿ ಮುಂದುವರಿದರು. ಇಬ್ಬರಲ್ಲಿ ಯಾರು ಸರಿ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ತಂದೆತಾಯಿ, ಊರು, ಹೆಸರು ಯಾವುದೂ ಇಲ್ಲದ ಒಂಟಿ ಮಗುವಿನ ಚಿತ್ರ ದಾನಿಯನ್ನು ದೊಡ್ಡವನನ್ನಾಗಿಯೂ ಮಗುವನ್ನು ಬರಿಯ ಹೊಟ್ಟೆಯನ್ನಾಗಿಯೂ ಮಾಡುತ್ತದೆಂಬ ಆಕ್ಷೇಪದಲ್ಲಿ ಹುರುಳಿದೆ. ಆಸ್ಟ್ರಿಯಾದ ಆ ಮಗುವಿನ ಹೆಸರು ಕರಪತ್ರದಲ್ಲಿ ಇರಲಿಲ್ಲ.

ಜೆಬ್ ಅವರ ಹೆಚ್ಚುಗಾರಿಕೆಯೆಂದರೆ ಅವರು ಚಿತ್ರದಲ್ಲೇ ನಿಲ್ಲಲಿಲ್ಲ. 1920ರ ಜನವರಿಯಲ್ಲಿ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಪೋಪ್ ಹದಿನೈದನೆಯ ಬೆನೆಡಿಕ್ಟ್ 1920ರ ತಮ್ಮ ಸುತ್ತೋಲೆಯಲ್ಲಿ ನಿಧಿಯನ್ನು ಹೆಸರಿಸಿ ಪ್ರಶಂಸಿಸಿದರು. ಯುದ್ಧದ ಗಾಯ ಮಾಯುತ್ತಿದ್ದಂತೆ ದಾನಿಗಳ ಉತ್ಸಾಹವೂ ಇಳಿಯುವುದನ್ನು ಜೆಬ್ ಗಮನಿಸಿದ್ದರು. ಮರುಕ ಋತುಮಾನದಂತೆ ಬಂದು ಹೋಗುತ್ತದೆ. ಮಗುವಿನ ಊಟ ಹಾಗೆ ಬಂದು ಹೋಗುವಂತಿಲ್ಲ. 1923ರಲ್ಲಿ ಅವರು ಐದೇ ಅಂಶಗಳ ಸಣ್ಣ ಘೋಷಣೆಯೊಂದನ್ನು ರೂಪಿಸಿದರು. ಮಗುವಿನ ದೈಹಿಕ ಮತ್ತು ಆತ್ಮಿಕ ಬೆಳವಣಿಗೆಗೆ ಅನುಕೂಲ ಒದಗಿಸಬೇಕು. ಹಸಿದವರಿಗೆ ಅನ್ನ, ರೋಗಿಗೆ ಶುಶ್ರೂಷೆ, ಅನಾಥರಿಗೆ ಆಸರೆ ಸಿಗಬೇಕು. ವಿಪತ್ತಿನಲ್ಲಿ ಮೊದಲ ನೆರವು ಮಕ್ಕಳಿಗೆ ಸಲ್ಲಬೇಕು. ದುಡಿಮೆಗೆ ಸಿದ್ಧಗೊಳಿಸಬೇಕು, ಶೋಷಣೆಯಿಂದ ಕಾಪಾಡಬೇಕು. ತನ್ನ ಪ್ರತಿಭೆ ಸಹಮಾನವರ ಸೇವೆಗೆಂಬ ಅರಿವಿನಲ್ಲಿ ಮಗುವನ್ನು ಬೆಳೆಸಬೇಕು. ತಿರುಳು ಇಷ್ಟೇ. 1924ರ ಸೆಪ್ಟೆಂಬರ್ 26ರಂದು ರಾಷ್ಟ್ರಸಂಘ ಇದನ್ನು ಅಂಗೀಕರಿಸಿತು. ದಾನಿಯ ಕನಿಕರಕ್ಕೆ ಪಾತ್ರವಾಗಿದ್ದ ಮಗು ಅಂದು ಲೋಕದ ಮೇಲೆ ಹಕ್ಕು ಸಾಧಿಸುವ ಸ್ಥಾನಕ್ಕೆ ಬಂತು.

ಥೈರಾಯ್ಡ್ ಗ್ರಂಥಿಯ ಕಾಯಿಲೆ ಅವರನ್ನು ಬಹುಕಾಲ ಕಾಡಿತ್ತು. 1928ರ ಡಿಸೆಂಬರ್ 17ರಂದು ಜಿನೀವಾದಲ್ಲಿ ಅವರು ನಿಧನರಾದರು. ವಯಸ್ಸು 52. ಕೊನೆಯ ವರ್ಷಗಳಲ್ಲಿ ಯೂರೋಪಿನಾಚೆಯ ಮಕ್ಕಳ ಕಡೆಗೆ ಅವರ ಗಮನ ಹರಿದಿತ್ತು. ಆಫ್ರಿಕದ ಮಕ್ಕಳನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಜಿನೀವಾದಲ್ಲಿ ನಡೆದಾಗ, 1931ರಲ್ಲಿ, ಅವರಿರಲಿಲ್ಲ.

ಐದು ಅಂಶಗಳು 1959ರಲ್ಲಿ ವಿಶ್ವಸಂಸ್ಥೆಯ ಹತ್ತು ತತ್ತ್ವಗಳಾದವು. 1989ರ ನವೆಂಬರ್ 20ರಂದು 54 ವಿಧಿಗಳ ಒಡಂಬಡಿಕೆಯಾದವು. ಭಾರತ ಅದನ್ನು ಒಪ್ಪಿದ್ದು 1992ರ ಡಿಸೆಂಬರ್‌ನಲ್ಲಿ. ಘೋಷಣೆಗೂ ಒಡಂಬಡಿಕೆಗೂ ನಡುವೆ, 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಅಲ್ಲಿದ್ದುದು ಬದುಕಿನ ಸಣ್ಣ ಸಂತೋಷಗಳನ್ನು ಪ್ರೀತಿಯಿಂದ ಕಂಡ ಕಣ್ಣು. ಹೂಪರ್‌ನ ಸಾಲಿನಿಂದ ಸತ್ಯನ್ ಅವರ ಮಕ್ಕಳವರೆಗೆ ಬರಲು ಶತಮಾನವೇ ಬೇಕಾಯಿತು.

1919ರಲ್ಲಿ ಜೆಬ್ ಕೇಳದಿದ್ದ ಪ್ರಶ್ನೆಯನ್ನು ಇಂದಿನ ಸಂಸ್ಥೆಗಳು ಕೇಳಲೇಬೇಕಾಗಿದೆ: ಚಿತ್ರ ತೆಗೆಯಲು ಮಗುವಿನ, ಪೋಷಕರ ಒಪ್ಪಿಗೆ ಇದೆಯೆ? ಒಡಂಬಡಿಕೆಯ 16ನೆಯ ವಿಧಿ ಮಗುವಿನ ಖಾಸಗಿತನವನ್ನು ಕಾಯುತ್ತದೆ. ಭಾರತದ 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮಿನ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಬಯಲಾಗುವಂತಹ ಚಿತ್ರವನ್ನು ಮಾಧ್ಯಮಗಳಲ್ಲಿ ಪ್ರಕಟಿಸಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕುರಿ ತಳಿಯಿಂದಾಗಿ ಹೆಸರಾದ ಮಳವಳ್ಳಿ ತಾಲ್ಲೂಕಿನ ಬಂಡೂರಿಗೆ ಯಾವುದೇ ಸಂಸ್ಥೆಯ ಕ್ಯಾಮೆರಾ ಬಂದರೂ ಅಂತಹ ಮಗುವಿನ ಮುಂದೆ ಈ ಕಾನೂನು ಅನ್ವಯಿಸುತ್ತದೆ. ಅದೇ ಒಡಂಬಡಿಕೆಯ 12ನೆಯ ವಿಧಿ ತನ್ನ ಬಗೆಗಿನ ವಿಷಯದಲ್ಲಿ ಮಾತನಾಡುವ ಹಕ್ಕನ್ನೂ ಮಗುವಿಗೆ ಕೊಡುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳ ಹಿಂದಿರುವುದು ಇದೇ ಆಶಯ.

ಜೆಬ್ ಅವರ ಸಮಾಧಿ ದಶಕಗಳ ಕಾಲ ಜಿನೀವಾದ ಸೇಂಟ್ ಜಾರ್ಜ್ ಸ್ಮಶಾನದಲ್ಲಿತ್ತು. ಘೋಷಣೆಗೆ ನೂರು ವರ್ಷ ತುಂಬಿದ 2024ರಲ್ಲಿ, ಆ ನಗರ ತನ್ನ ಗಣ್ಯರಿಗೆ ಮೀಸಲಿಟ್ಟ ಸಿಮೆತಿಯೇರ್ ದೆ ರುವಾ ಸ್ಮಶಾನಕ್ಕೆ ಅವರ ಅವಶೇಷಗಳನ್ನು ಸ್ಥಳಾಂತರಿಸಲಾಯಿತು.