ಕಾರ್ಲ್ ಲ್ಯಾಂಡ್‌ಸ್ಟೈನರ್

ಗಾಯಗೊಂಡು ರಕ್ತ ಕಳೆದುಕೊಂಡವನಿಗೆ ಮತ್ತೊಬ್ಬನ ರಕ್ತವನ್ನು ಕೊಟ್ಟು ಬದುಕಿಸಬಹುದೆಂಬ ಆಲೋಚನೆ ಬಹು ಹಳೆಯದು. 1667ರಲ್ಲಿ ಫ್ರಾನ್ಸಿನ ವೈದ್ಯನೊಬ್ಬನು ಕುರಿಮರಿಯ ರಕ್ತವನ್ನು ಮನುಷ್ಯನ ನಾಳಕ್ಕೆ ಹರಿಸಿದನು. 1818ರಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಎಂಬುವನು ಮನುಷ್ಯರ ರಕ್ತವನ್ನೇ ಮನುಷ್ಯರಿಗೆ ಕೊಡುವ ಪ್ರಯತ್ನಕ್ಕೆ ತೊಡಗಿದನು. ಹೀಗೆ ರಕ್ತ ಪಡೆದವರಲ್ಲಿ ಕೆಲವರು ಚೇತರಿಸಿಕೊಂಡರು. ಕೆಲವರು ಸ್ವಲ್ಪ ಹೊತ್ತಿನಲ್ಲಿಯೇ ಚಳಿಯಿಂದ ನಡುಗಿ, ಮೂತ್ರ ಕಪ್ಪಾಗಿ ಪ್ರಾಣ ಬಿಟ್ಟರು. ಕಣ್ಣಿಗೆ ಒಂದೇ ಬಗೆಯಾಗಿ ತೋರುವ ರಕ್ತವು ಒಬ್ಬನಿಗೆ ಅಮೃತವೂ ಇನ್ನೊಬ್ಬನಿಗೆ ವಿಷವೂ ಆಗುವುದೇಕೆ? ಈ ಪ್ರಶ್ನೆಗೆ ಉತ್ತರ ಕಂಡವನೇ ಕಾರ್ಲ್ ಲ್ಯಾಂಡ್‌ಸ್ಟೈನರ್.

ಲ್ಯಾಂಡ್‌ಸ್ಟೈನರ್ 1868ರ ಜೂನ್ 14ರಂದು ಆಸ್ಟ್ರಿಯದ ವಿಯನ್ನಾ ನಗರದ ಬಳಿ ಜನಿಸಿದನು. ತಂದೆ ಹೆಸರಾಂತ ಪತ್ರಿಕೋದ್ಯಮಿ. ಮಗನಿಗೆ ಆರು ವರ್ಷವಾಗಿದ್ದಾಗ ಆತ ತೀರಿಕೊಂಡನು. ತಾಯಿ ಫ್ಯಾನಿಯೇ ಅವನನ್ನು ಬೆಳೆಸಿದಳು. ಆಕೆಯಲ್ಲಿ ಅವನಿಗಿದ್ದ ಮಮತೆ ಎಂತಹದೆಂದರೆ, ಆಕೆಯ ಮರಣಾನಂತರ ಮುಖದಿಂದ ತೆಗೆದ ಅಚ್ಚನ್ನು ತನ್ನ ಕೊನೆಯ ದಿನದವರೆಗೂ ಗೋಡೆಯ ಮೇಲೆ ಇರಿಸಿಕೊಂಡಿದ್ದನು.

1891ರಲ್ಲಿ ವೈದ್ಯ ಪದವಿ ಪಡೆದ ಲ್ಯಾಂಡ್‌ಸ್ಟೈನರ್ ರೋಗಿಗಳನ್ನು ನೋಡಿ ಹಣ ಗಳಿಸುವ ದಾರಿ ಹಿಡಿಯಲಿಲ್ಲ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳಿಗೆ ಹೋಗಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದನು. ಬಳಿಕ ವಿಯನ್ನಾದ ಪ್ರಯೋಗಶಾಲೆಗಳಲ್ಲಿ ಸಹಾಯಕನಾಗಿ ಸೇರಿದನು. ಅಲ್ಲಿ ಹತ್ತು ವರ್ಷಗಳಲ್ಲಿ ಅವನು ನಡೆಸಿದ ಶವಪರೀಕ್ಷೆಗಳೇ 3,600ಕ್ಕೂ ಹೆಚ್ಚು. ಅವುಗಳ ನಡುವೆ ಬಿಡುವು ಮಾಡಿಕೊಂಡು ರಕ್ತದ ಅಧ್ಯಯನ ನಡೆಸಿದನು.

ಅವನ ಪ್ರಯೋಗಕ್ಕೆ ಬೇಕಾದುದು ಕೆಲವು ಗಾಜಿನ ನಳಿಕೆಗಳು ಮಾತ್ರ. ತನ್ನ ರಕ್ತವನ್ನೂ ಜೊತೆಯ ಕೆಲಸಗಾರರ ರಕ್ತವನ್ನೂ ತೆಗೆದು, ತಿಳಿಯಾದ ರಸಿಕೆಯನ್ನು ಒಂದು ಕಡೆ, ಕೆಂಪು ಕಣಗಳನ್ನು ಇನ್ನೊಂದು ಕಡೆ ಬೇರ್ಪಡಿಸಿದನು. ಆರು ಜನರ ರಸಿಕೆಗಳನ್ನು ಆರು ಜನರ ಕಣಗಳೊಡನೆ ಒಂದೊಂದಾಗಿ ಬೆರೆಸಿ ನೋಡಿದನು. ಕೆಲವು ಮಿಶ್ರಣಗಳು ಹಾಗೆಯೇ ಉಳಿದವು. ಕೆಲವುಗಳಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗರಣೆಗಟ್ಟಿದವು. ರೋಗದಿಂದ ಹೀಗಾಗುತ್ತದೆಂದು ಅಂದಿನ ಹಲವರು ತಿಳಿದಿದ್ದರು. ಆದರೆ ರಕ್ತ ಕೊಟ್ಟ ಇವರೆಲ್ಲರೂ ಆರೋಗ್ಯವಂತರು! ಅಂಟಿಕೆಯಲ್ಲಿ ಒಂದು ಕ್ರಮವಿರುವುದನ್ನು ಗುರುತಿಸಿ, 1901ರಲ್ಲಿ ಅವನು ಮನುಷ್ಯರ ರಕ್ತವನ್ನು ಮೂರು ಗುಂಪುಗಳಾಗಿ ವಿಂಗಡಿಸಿದನು. ಅವೇ ಇಂದಿನ ಎ, ಬಿ ಮತ್ತು ಓ. ನಾಲ್ಕನೆಯದಾದ ಎಬಿ ಗುಂಪನ್ನು ಅವನ ಸಂಗಡಿಗರು ಮರುವರ್ಷ ಕಂಡುಹಿಡಿದರು.

ಇಂತಹ ಸಂಗತಿಯನ್ನು ಲೋಕವು ಕೂಡಲೇ ಕೈಗೆತ್ತಿಕೊಳ್ಳಬೇಕಾಗಿತ್ತು, ಹಾಗಾಗಲಿಲ್ಲ. 1907ರ ವೇಳೆಗೆ ನ್ಯೂಯಾರ್ಕಿನ ರೂಬೆನ್ ಆಟನ್‌ಬರ್ಗ್ ಎಂಬ ವೈದ್ಯನು ರಕ್ತ ಕೊಡುವ ಮೊದಲು ಹೊಂದಿಕೆಯನ್ನು ಪರೀಕ್ಷಿಸತೊಡಗಿದನು. ಮೊದಲನೆಯ ಮಹಾಯುದ್ಧದ ಗಾಯಾಳುಗಳ ನಡುವೆಯೇ ರಕ್ತದಾನ ಬೇರೂರಿದುದು.

ಆ ಯುದ್ಧದಲ್ಲಿ ಸೋತ ಆಸ್ಟ್ರಿಯದಲ್ಲಿ ಹಸಿವು ತಾಂಡವವಾಡಿತು. 1919ರಲ್ಲಿ ಲ್ಯಾಂಡ್‌ಸ್ಟೈನರ್ ಹೆಂಡತಿ ಮಗನೊಡನೆ ಹಾಲೆಂಡಿನ ಹೇಗ್ ನಗರಕ್ಕೆ ಹೋಗಿ ಸಣ್ಣ ಆಸ್ಪತ್ರೆಯೊಂದರಲ್ಲಿ ಮಲಮೂತ್ರ, ರಕ್ತಗಳ ದಿನನಿತ್ಯದ ಪರೀಕ್ಷೆ ಮಾಡಿಕೊಂಡಿದ್ದನು. ಪೋಲಿಯೋ ರೋಗವನ್ನು ಕೋತಿಗಳಿಗೆ ಹರಡಿ ತೋರಿಸಿ ಅದರ ಕಾರಣದತ್ತ ಬೆರಳಿಟ್ಟಿದ್ದ ವಿಜ್ಞಾನಿಗೆ ಒದಗಿದ ಕೆಲಸ ಅದು! ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ ಅವನನ್ನು ಕರೆಸಿಕೊಂಡ ಮೇಲೆ ದುರ್ದಿನಗಳು ಕಳೆದವು. 1930ರಲ್ಲಿ ನೊಬೆಲ್ ಬಹುಮಾನ ಬಂದಿತು. ಪ್ರಚಾರವೆಂದರೆ ಆಗದ ಅವನು ಕೆಲಸವನ್ನು ನಿಲ್ಲಿಸಲಿಲ್ಲ. 1940ರಲ್ಲಿ ವೀನರ್ ಎಂಬಾತನೊಡನೆ ಆರ್‌ಎಚ್ ಅಂಶವನ್ನು ಪ್ರಕಟಿಸಿದನು. ತಾಯಿಯ ರಕ್ತಕ್ಕೂ ಗರ್ಭದ ಶಿಶುವಿನ ರಕ್ತಕ್ಕೂ ಹೊಂದಿಕೆಯಾಗದೆ ಶಿಶುಗಳು ಸಾಯುತ್ತಿದ್ದ ರಹಸ್ಯ ಬಿಡಿಸಿಕೊಳ್ಳಲು ಅದು ನೆರವಾಯಿತು. 1943ರ ಜೂನ್ 24ರಂದು ಪ್ರಯೋಗಶಾಲೆಯಲ್ಲಿ ನಳಿಕೆ ಕೈಯಲ್ಲಿರುವಾಗಲೇ ಹೃದಯಾಘಾತವಾಯಿತು. ಎರಡು ದಿನಗಳ ಬಳಿಕ ಅವನು ತೀರಿಕೊಂಡನು.

ಅವನು ಹಾಕಿದ ದಾರಿ ಮುಂದೆ ಸಾಗಿತು. 1952ರಲ್ಲಿ ಮುಂಬಯಿಯಲ್ಲಿ ವೈದ್ಯ ಭೇಂಡೆ ಮತ್ತು ಸಂಗಡಿಗರು ಹೊಸದೊಂದು ಗುಂಪನ್ನು ಕಂಡರು. ಇಳಕಲ್ಲನ್ನೊಳಗೊಂಡ ಬಿಜಾಪುರ ಜಿಲ್ಲೆಯೂ ಆಗ ಮುಂಬಯಿ ರಾಜ್ಯಕ್ಕೇ ಸೇರಿದ್ದಿತು. ಈ ‘ಬಾಂಬೆ ಗುಂಪಿ’ನವರು ಓ ಗುಂಪಿನ ರಕ್ತವನ್ನೂ ಪಡೆಯಲಾರರು, ತಮ್ಮಂತಹವರನ್ನೇ ಹುಡುಕಬೇಕು.

1958ರಲ್ಲಿ ಫ್ರಾನ್ಸಿನ ಝಾನ್ ದೋಸೆ ಬಿಳಿಯ ಕಣಗಳಲ್ಲಿಯೂ ಇಂತಹ ಗುರುತುಗಳಿರುವುದನ್ನು ತೋರಿಸಿದನು. ಇವು ನಾಲ್ಕೈದು ಗುಂಪುಗಳಲ್ಲ, ಸಾವಿರಾರು ಬಗೆಗಳು. ರಕ್ತವನ್ನು ಉತ್ಪಾದಿಸುವ ಅಸ್ಥಿಮಜ್ಜೆಯೇ ಕೆಟ್ಟವನಿಗೆ ಮತ್ತೊಬ್ಬನ ಆಕರಕೋಶಗಳನ್ನು ಕೊಡಬೇಕಾದರೆ ಈ ಗುರುತುಗಳು ಹೊಂದಬೇಕು. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಒಡಹುಟ್ಟಿದವರಲ್ಲಿ ಒಬ್ಬರು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅವರು ಹೊಂದದಿದ್ದರೆ ಗುರುತಿಲ್ಲದ ಪರರನ್ನೇ ಅರಸಬೇಕು.

ಇಂಗ್ಲೆಂಡಿನ ಆಂಥನಿ ನೋಲನ್ ಎಂಬ ಬಾಲಕನಿಗಾಗಿ ಅವನ ತಾಯಿ ಶರ್ಲಿ 1974ರಲ್ಲಿ ದಾನಿಗಳ ಪಟ್ಟಿಯೊಂದನ್ನು ಆರಂಭಿಸಿದಳು. ಅವನಿಗೆ ಸರಿಹೊಂದುವವರು ಸಿಗಲಿಲ್ಲ; 1979ರಲ್ಲಿ ಬಾಲಕ ತೀರಿಕೊಂಡನು. ಪಟ್ಟಿ ಮಾತ್ರ ಬೆಳೆಯಿತು. ಇಂದು ಜಗತ್ತಿನ ಇಂತಹ ಪಟ್ಟಿಗಳಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ. ಈ ಗುರುತುಗಳು ವಂಶಪಾರಂಪರ್ಯವಾಗಿ ಬರುವುದರಿಂದ ಭಾರತೀಯ ರೋಗಿಗೆ ಭಾರತೀಯ ದಾನಿಯೇ ಹೊಂದುವ ಸಂಭವ ಹೆಚ್ಚು. ಆದರೆ ಪಟ್ಟಿಗಳಲ್ಲಿ ನಮ್ಮವರು ಬಹು ಕಡಿಮೆ. 2009ರಲ್ಲಿ ಚೆನ್ನೈಯಲ್ಲಿ ದಾತ್ರಿ ಎಂಬ ಸಂಸ್ಥೆ ಹುಟ್ಟಿತು. ಬೆಂಗಳೂರಿನಲ್ಲಿಯೂ ದಾನಿಗಳ ನೋಂದಣಿ ನಡೆಯುತ್ತಿದೆ. ಹೆಸರು ಕೊಡುವವನ ಕೆನ್ನೆಯ ಒಳಬದಿಯನ್ನು ಹತ್ತಿಯ ಕಡ್ಡಿಯಿಂದ ಸವರಿ ಪರೀಕ್ಷೆಗೆ ಕಳುಹಿಸುತ್ತಾರೆ.

ಆಕರಕೋಶಗಳ ಕಸಿಗೆ ಎ, ಬಿ, ಓ ಗುಂಪು ಒಂದೇ ಆಗಿರಲೇಬೇಕೆಂಬ ನಿಯಮವಿಲ್ಲ. ದಾನಿಯ ಕೋಶಗಳು ಬೇರೂರಿದ ಕೆಲವು ತಿಂಗಳಲ್ಲಿ ರೋಗಿಯ ರಕ್ತದ ಗುಂಪೇ ಬದಲಾಗಿ ದಾನಿಯದಾಗುತ್ತದೆ. ಅದನ್ನು ಪರೀಕ್ಷಿಸಿ ನೋಡುವ ಬಗೆ ಮಾತ್ರ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿದ್ದೇ: ರಸಿಕೆಯೊಡನೆ ಕಣಗಳನ್ನು ಬೆರೆಸಿ, ಅಂಟುವುದೋ ಇಲ್ಲವೋ ನೋಡುವುದು.